ಬೂಷ್ಟು ಹಿಡಿಯದ ಪೆಟ್ಟಿಗೆ

ರಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದ ಪ್ರೊಫೆಸರ್ ಯಜ್ಞನಾರಾಯಣ ಭಟ್ಟರು ಒಳಗಿದ್ದ ಗೂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಚಳಿಗಾಲ ಕಳೆಯುವವರೆಗೆ ಗೂಡಿನೊಳಗೆ ನಿದ್ರಿಸಬೇಕಾಗಿದ್ದ ಪತಂಗಗಳೆಲ್ಲ ಆಟಿ ತಿಂಗಳ ಮಳೆಯಲ್ಲೇ ಎದ್ದು, ಗೂಡು ತೂತು ಮಾಡಿ ಹೊರಬಂದು ಸತ್ತಿದ್ದವು. ವರ್ಷಗಳ ಸಂಶೋಧನೆ ಮಣ್ಣುಪಾಲು.

"ಇದು ದೇಜಪ್ಪನದೇ ಕೆಲಸ" ಎಂದರು.

ದೇಜಪ್ಪ ಪ್ರಯೋಗಾಲಯದ ಅಟೆಂಡರ್. ಕೆಲಸ ಖಾಯಂ ಆಗಲು ಭಟ್ಟರ ಒಂದು ಒಳ್ಳೆಯ ಮಾತು ಸಾಕಿತ್ತು. ಭಟ್ಟರೋ ಅವನನ್ನು ತೆಗೆದುಹಾಕಿ ಎಂದು ಪ್ರಾಂಶುಪಾಲರ ಮುಂದೆ ಹಟ ಹಿಡಿದರು.

ಅದು ೧೯೭೯. ಮಣಿಪಾಲದ ಆ ಕಾಲೇಜಿಗೆ ಪೊಲೀಸರು ಬರುವುದು ಬೇಡವೆಂದು ಪ್ರಾಂಶುಪಾಲರು ನಿವೃತ್ತ ಸಬ್‌ಇನ್ಸ್‌ಪೆಕ್ಟರ್ ಕರುಣಾಕರರನ್ನು ಕರೆಸಿದರು. ಸತ್ತ ಹುಳಗಳಿಗೆ ಪಂಚನಾಮೆಯೇ ಎಂದು ಅವರು ನಗಬಹುದಿತ್ತು. ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ದೇಜಪ್ಪನ ಮುಖ ನೋಡಿ ಅವರಿಗೆ ಸಂಕಟವಾಗಿತ್ತು.

"ಪೆಟ್ಟಿಗೆ ಮುಟ್ಟಿದ್ದೆಯಾ?"

"ಇಲ್ಲ ಸಾರ್. ದೇವರಾಣೆ."

"ಮುಚ್ಚಳ ತೆಗೆದು ಬಿಸಿಲಿಗೆ ಇಟ್ಟಿದ್ದಾನೆ. ಹಗಲಿನ ಬೆಳಕು ಕಂಡರೆ ಇವು ಏಳುತ್ತವೆ," ಭಟ್ಟರು ಸಿಡುಕಿದರು.

"ಆಟಿಯಲ್ಲಿ ಬಿಸಿಲು ಎಲ್ಲುಂಟು ಭಟ್ರೇ? ಪೆಟ್ಟಿಗೆ ಯಾವಾಗಲೂ ಇಲ್ಲೇ ಇತ್ತಾ?"

"ಈ ಮೂಲೆಯಲ್ಲಿ ಹಂಚಿನ ಮಾಡು ಸೋರುತ್ತಿತ್ತು. ಒಂದು ತಿಂಗಳು ಕಾಪುವಿನ ನಮ್ಮ ಮನೆಯ ಕಪಾಟಿನಲ್ಲಿಟ್ಟು ಮೊನ್ನೆ ತಂದೆ. ಇನ್ನೊಂದು ಪೆಟ್ಟಿಗೆ ಇಲ್ಲೇ ಇತ್ತು. ಅದರ ಹುಳ ಈಗಲೂ ನಿದ್ರೆಯಲ್ಲಿ ಉಂಟು."

ಕರುಣಾಕರ ಎರಡೂ ಪೆಟ್ಟಿಗೆಗಳನ್ನು ಬೆರಳಿನಿಂದ ಒತ್ತಿದರು. ನಿದ್ರಿಸುವ ಹುಳಗಳ ಪೆಟ್ಟಿಗೆ ಬೂಷ್ಟು ಹಿಡಿದು ಮೆತ್ತಗಾಗಿತ್ತು. ಇನ್ನೊಂದು ಹಪ್ಪಳದ ಹಾಗೆ ಗರಿಗರಿ.

"ಕಾಪುವಿಗೆ ಹೋಗುವ" ಎಂದರು.

ಮನೆಯಲ್ಲಿ ಭಟ್ಟರ ಹೆಂಡತಿ ಶ್ರೀಮತಿ ಕಾಫಿ ಕೊಟ್ಟರು.

"ಅಮ್ಮಾ, ಮಳೆಗಾಲದಲ್ಲಿ ಹಪ್ಪಳ, ಬೆಂಕಿಪೆಟ್ಟಿಗೆ ಎಲ್ಲ ಎಲ್ಲಿಡುತ್ತೀರಿ?"

"ಬಚ್ಚಲ ಒಲೆಯ ಹಿಂದಿನ ಗೋಡೆಗೂಡಿನಲ್ಲಿ. ಎಂತಕ್ಕೆ?"

"ಇವರ ಪೆಟ್ಟಿಗೆಯನ್ನೂ?"

ಶ್ರೀಮತಿಯ ಮುಖ ಬಿಳಿಚಿತು. "ಬೂಷ್ಟು ಹಿಡಿಯಲು ಶುರುವಾಗಿತ್ತು. ಹುಳ ಸತ್ತರೆ ಇವರು ಊಟ ಬಿಡುತ್ತಾರೆ ಅಂತ ಅಲ್ಲಿಟ್ಟೆ. ಕೊಂಡುಹೋಗುವ ಮುಂಚೆ ಕಪಾಟಿಗೆ ಸೇರಿಸಿದೆ. ಮುಟ್ಟಿದೆ ಅಂತ ಗೊತ್ತಾದರೆ ಬೈಯುತ್ತಾರೆ, ಅಲ್ವಾ?"

"ಆದರೆ ಬಿಸಿಯಲ್ಲಿಟ್ಟರೂ ಇವು ಏಳುವುದಿಲ್ಲ," ಭಟ್ಟರು ತಡೆದರು. "ನಾನೇ ಪರೀಕ್ಷೆ ಮಾಡಿದ್ದೇನೆ."

"ಒಂದೇ ಸಮನೆ ಬಿಸಿಯಲ್ಲಿ?"

"ಹೌದು."

"ಇಲ್ಲಿ ಸ್ನಾನದ ಹೊತ್ತಿಗೆ ಬಿಸಿ, ರಾತ್ರಿ ತಂಪು. ಮರುದಿನ ಮತ್ತೆ ಬಿಸಿ—"

ಭಟ್ಟರ ಕಣ್ಣು ಅಗಲವಾಯಿತು. "ಕತ್ತಲೆಯ ಪೆಟ್ಟಿಗೆಯಲ್ಲೂ ಅವಕ್ಕೆ ಹಗಲು ರಾತ್ರಿ ಆಯಿತು. ಏಳುವ ಕಾಲ ಬಂತೆಂದು ಎದ್ದವು."

"ಬೂಷ್ಟಿಲ್ಲದ ಪೆಟ್ಟಿಗೆ ನಿಮ್ಮ ಕಣ್ಣೆದುರೇ ಇತ್ತು," ಕರುಣಾಕರ ಹೇಳಿದರು. "ದೇಜಪ್ಪನನ್ನು ಅಷ್ಟು ಸಲ ದೂರಿದಿರಿ. ಮನೆಯಲ್ಲಿ ಒಂದು ಸಲ ಕೇಳಿದಿರಾ? ಅಮ್ಮ ಮಾಡಿದ್ದು ಅಪರಾಧವಲ್ಲ. ವಿಚಾರಿಸದೆ ಒಬ್ಬನ ಅನ್ನಕ್ಕೆ ಕಲ್ಲು ಹಾಕಲು ಹೊರಟದ್ದು ನೀವು. ಈ ಕೇಸಿನಲ್ಲಿ ಆರೋಪಿ ಅಂತ ಇದ್ದರೆ ನೀವೇ."

ಶ್ರೀಮತಿ ಕಣ್ಣೊರೆಸಿಕೊಂಡು ಕೊಡೆ ತೆಗೆದುಕೊಂಡರು. "ಅವನ ಮನೆಗೆ ಹೋಗುವ. ಈಗಲೇ."

"ಮನೆ ಎಲ್ಲಿ?" ಭಟ್ಟರು ಮೆಲ್ಲಗೆ ಕೇಳಿದರು.

"ಹಿರಿಯಡ್ಕದಲ್ಲಿ. ಮಗಳಿಗೆ ಹೆಸರಿಡುವಾಗ ನಮ್ಮಿಬ್ಬರನ್ನೂ ಕರೆದಿದ್ದ. ನಾನೊಬ್ಬಳೇ ಹೋಗಿ ಬಂದೆ."