ಮೂರನೇ ಮಹಡಿಯ ವೈಫೈ

"ಡ್ರಿಲ್ ನಿಲ್ಸಿ! ಆ ಗೋಡೆ ಒಳಗೆ ಆಕ್ಸಿಜನ್ ಪೈಪ್ ಇದೆ!"

ಏಣಿಯ ಮೇಲಿದ್ದ ವೈಫೈ ಕಂಪನಿಯ ಎಂಜಿನಿಯರ್ ತಟ್ಟನೆ ಡ್ರಿಲ್ ನಿಲ್ಲಿಸಿದಳು. ಕೆಳಗೆ ಆಸ್ಪತ್ರೆಯ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತಿದ್ದ. ಬೈಸಿಕೊಳ್ಳಲು ಅವಳು ತಯಾರಾದಳು. ಅವನು ಬೈಯಲಿಲ್ಲ. ಪೆನ್ಸಿಲ್ ತೆಗೆದು ಒಂದಡಿ ಪಕ್ಕಕ್ಕೆ ಗುರುತು ಹಾಕಿದ, ಅಷ್ಟೇ.

ಐದು ಮಹಡಿಯ ಆಸ್ಪತ್ರೆಗೆ ವೈಫೈ ಹಾಕುವುದೆಂದರೆ ಮಕ್ಕಳಾಟವೇ? ಎಕ್ಸ್‌ರೇ ಕೋಣೆಯ ಗೋಡೆಯಲ್ಲಿ ಸೀಸದ ಹಾಳೆ, ಸಿಗ್ನಲ್ ಆಚೆಗೆ ದಾಟುವುದೇ ಇಲ್ಲ. ಕೇಬಲ್ ತೊಂಬತ್ತು ಮೀಟರ್ ಮೀರುವಂತಿಲ್ಲ. ರೋಗಿ ಮಲಗಿದ್ದರೆ ಡ್ರಿಲ್ ಮುಟ್ಟುವಂತಿಲ್ಲ.

ಅವಳು ಒಬ್ಬಳೇ ಹೊಣೆ ಹೊತ್ತ ಮೊದಲ ಕೆಲಸವದು. ಎರಡು ವಾರ ಅವನು ಯಾವ ಕೋಣೆಯ ಬೀಗ ತೆಗೆಸಲೂ ಅವಳನ್ನು ಕಾಯಿಸಲಿಲ್ಲ. ಬೆಳಗ್ಗೆ ಅವನು ಕಾಣದಿದ್ದರೆ ಅವಳ ಕಣ್ಣು ತಾನಾಗಿ ಹುಡುಕುತ್ತಿತ್ತು. ಒಪ್ಪಿಕೊಳ್ಳಲು ಮಾತ್ರ ಬಿಗುಮಾನ!

ಆಗಲೇ ಮೂರನೇ ಮಹಡಿಯ ವಾರ್ಡಿನಿಂದ ದೂರು ಬಂತು. ನರ್ಸ್‌ಗಳ ಟ್ಯಾಬ್ ಪದೇಪದೇ ಕೈಕೊಡುತ್ತಿತ್ತು. ಅಲ್ಲಿ ವೈಫೈ ಬಾಕ್ಸ್ ಕೂರಿಸಿದ್ದು ಅವನ ಕಡೆಯವರು. ಹೋಗಿ ನೋಡಿದರೆ... ಮೂರು ವೈಫೈ ಬಾಕ್ಸ್‌ಗಳು ಅವಳ ನಕ್ಷೆಯಲ್ಲಿದ್ದ ಜಾಗದಲ್ಲೇ ಇಲ್ಲ!

'ಕೇಬಲ್ ಎಳೆಯೋ ಕಷ್ಟ ಬೇಡ ಅಂತ ಕೇಳದೆ ಸರಿಸಿದ್ದಾನೆ!'

ಸಿಟ್ಟು ನೆತ್ತಿಗೇರಿತು. ನಿಂತಲ್ಲೇ ಆಸ್ಪತ್ರೆಯ ಆಡಳಿತಾಧಿಕಾರಿಗೆ ಅವನ ವಿರುದ್ಧ ಮೇಲ್ ಕಳಿಸಿದಳು.

"ನಾಳೆ ವಿಚಾರಣೆಯಂತೆ, ಕೆಲಸದಿಂದ ತೆಗೀತಾರಂತೆ," ಎಂದರು ವಾರ್ಡಿನ ಹಿರಿಯ ನರ್ಸ್ ಮರುದಿನ. "ಅವನ ಹೊಟ್ಟೆ ಮೇಲೆ ಹೊಡೆದೆಯಲ್ಲಮ್ಮ!"

ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಏಣಿ ಹತ್ತಿ, ನಕ್ಷೆಯ ಜಾಗದಲ್ಲಿ ಫಾಲ್ಸ್ ಸೀಲಿಂಗಿನ ಹಲಗೆ ಸರಿಸಿದಳು. ಒಳಗೆ ಎ.ಸಿ.ಯ ಅಗಲವಾದ ತಗಡಿನ ಕೊಳವೆ! ಆಸ್ಪತ್ರೆ ಅವಳಿಗೆ ಕೊಟ್ಟಿದ್ದ ಕಟ್ಟಡದ ಹಳೆಯ ನಕ್ಷೆಯಲ್ಲಿ ಅದರ ಸುಳಿವೇ ಇರಲಿಲ್ಲ. ಒಂದು ಬಾಕ್ಸನ್ನು ಅಲ್ಲಿಗೇ ತಂದು ನೋಡಿದಳು. ಇದ್ದ ಸಿಗ್ನಲ್ಲೂ ಹೋಯಿತು. ಅವನು ಸರಿಸಿದ್ದೇ ಸರಿ.

ಹಾಗಾದರೆ ಟ್ಯಾಬ್ ಕೈಕೊಟ್ಟಿದ್ದೇಕೆ?

ಕೆಳಗಿಳಿದು ಸುತ್ತ ನೋಡಿದಳು. ಆಳೆತ್ತರದ ಹನ್ನೆರಡು ಕಬ್ಬಿಣದ ಬೀರುಗಳು ವಾರ್ಡಿನ ನಡುವೆ ಸಾಲಾಗಿ ಸಿಗ್ನಲ್‌ಗೆ ಅಡ್ಡ ನಿಂತಿದ್ದವು. ಅವಳು ಸಿಗ್ನಲ್ ಅಳೆದ ದಿನ ವಾರ್ಡು ಖಾಲಿಯಿತ್ತು. ಖಾಲಿ ಕೋಣೆ ಅಳೆದು ನಿಶ್ಚಿಂತೆಯಾಗಿದ್ದಳು ಮಹಾತಾಯಿ!

ತಕ್ಷಣ ಇನ್ನೊಂದು ಮೇಲ್ ಕಳಿಸಿ, ಅವನಿದ್ದ ವಿದ್ಯುತ್ ಪ್ಯಾನಲ್ ರೂಮಿಗೆ ಓಡಿದಳು.

"ಯಾಕೆ ಹೇಳ್ಲಿಲ್ಲ ನೀವು?"

"ಎಲ್ಲರೆದುರು ನಕ್ಷೆ ತಪ್ಪು ಅಂದ್ರೆ ನಿಮ್ಮ ಮೊದಲ ಕೆಲಸಕ್ಕೇ ಕಪ್ಪುಚುಕ್ಕೆ. ನಿಮಗೊಬ್ರಿಗೇ ಹೇಳೋಣ ಅಂತ ಬಂದೆ... ಅಷ್ಟರಲ್ಲಿ ಮೇಲ್ ಹೋಗಿತ್ತು."

ಅವಳ ಕಣ್ಣು ತುಂಬಿತು. "ಕ್ಷಮಿಸಿ... ಎಲ್ಲಾ ತಪ್ಪು ನನ್ನದು ಅಂತ ಬರೆದು ಕಳಿಸಿದೀನಿ. ನಮ್ಮ ಬಾಸ್‌ಗೂ."

"ಅಯ್ಯೋ! ನಿಮ್ಮ ಕೆಲಸ ಹೋದ್ರೆ?"

"ಕೆಲಸ ಬೇರೆ ಹುಡುಕ್ತೀನಿ. ನಿಮ್ಮಂಥವರನ್ನ ಎಲ್ಲಿ ಹುಡುಕ್ಲಿ?"

ಬಾಯಿ ತಪ್ಪಿ ಬಂದ ಮಾತಿಗೆ ಅವಳೇ ಕೆಂಪಾದಳು. ಅಷ್ಟರಲ್ಲಿ ಫೋನ್ ಸದ್ದು ಮಾಡಿತು. ಆಡಳಿತಾಧಿಕಾರಿ ಎರಡೇ ಸಾಲು ಬರೆದಿದ್ದರು. ವಿಚಾರಣೆ ಕೈಬಿಡಲಾಗಿದೆ. ಮೂರನೇ ಮಹಡಿ ಮತ್ತೆ ಅಳೆದುಕೊಡಿ.

ಅವಳು ಫೋನನ್ನು ಅವನ ಕೈಗಿಟ್ಟಳು. ಓದಿ ಅವನು ನೆಮ್ಮದಿಯ ಉಸಿರುಬಿಟ್ಟ.

"ಈ ಸಲ ಅಳೆಯೋಕೆ ನಾನೂ ಜೊತೆಗೆ ಬರ್ಲಾ?"

"ಬನ್ನಿ. ಆದ್ರೆ ಇನ್ಮೇಲೆ ಏನಿದ್ರೂ ಮೊದಲು ನನಗೇ ಹೇಳ್ಬೇಕು."

"ಹಾಗಾದ್ರೆ ಈಗ್ಲೇ ಹೇಳ್ತೀನಿ." ಅವನ ದನಿ ತಗ್ಗಿತು. "ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಇನ್ನೊಂದ್ಸಲ ಹೇಳಿ..."