ಗೋಲಿನ ಮುಂದೆ ಕೆರೆ

ಬೆಳಗ್ಗೆ ಆರಕ್ಕೆ ಗೇಟು ತೆಗೆದ ಹುಲ್ಲಕ್ಕ ಎರಡು ಹೆಜ್ಜೆ ಇಟ್ಟು ನಿಂತೇಬಿಟ್ಟಳು. ಗೋಲಿನ ಮುಂದೆ ಕೆರೆ! ಪೆನಾಲ್ಟಿ ಚುಕ್ಕಿ ನೀರಿನಡಿ ಎಲ್ಲೋ ಮುಳುಗಿತ್ತು. ಪಕ್ಕದ ನಲ್ಲಿ ಇನ್ನೂ ಹರಿಯುತ್ತಿತ್ತು; ಓಡಿ ಹೋಗಿ ನಿಲ್ಲಿಸಿದಳು.

ಹತ್ತೊಂಬತ್ತು ವರ್ಷದಿಂದ ಆ ಮೈದಾನದ ಹುಲ್ಲು ಸಾಕಿದವಳು ಅವಳು. ಅವಳ ಸ್ವಂತ ಹೆಸರನ್ನು ಜನ ಎಂದೋ ಮರೆತಿದ್ದರು. ಅಂದು ಸಂಜೆ ನಾಲ್ಕಕ್ಕೆ ರಾಷ್ಟ್ರೀಯ ಫುಟ್‌ಬಾಲ್ ಕಪ್ಪಿನ ಕ್ವಾರ್ಟರ್ ಫೈನಲ್. ಸೋತವರು ಸೀದಾ ಮನೆಗೆ. ಲೀಗಿನ ಅತಿ ಚಿಕ್ಕ ಕ್ಲಬ್ಬಿನ ಅಂಗಳಕ್ಕೆ ಅತಿ ದೊಡ್ಡ ಕ್ಲಬ್ಬು ಬರುವುದಿತ್ತು.

ಏಳಕ್ಕೆ ಮ್ಯಾನೇಜರ್ ಬಂದ. ಹಿಂದೆ ಇಡೀ ತಂಡ.

"ನಿನ್ನೆ ನಲ್ಲಿ ಬಿಟ್ಟು ಹೋಗಿದೀಯ."

"ಇಲ್ಲ ಸರ್. ಆರು ಗಂಟೆಗೆ ನಾನೇ ನಿಲ್ಲಿಸಿ ಹೋಗಿದ್ದು."

"ಮತ್ತೆ ಆಕಾಶದಿಂದ ಉದುರಿತಾ? ಹನ್ನೆರಡಕ್ಕೆ ಕಪ್ಪಿನ ಅಧಿಕಾರಿ ಬರ್ತಾರೆ. ನೆಲ ಒಣಗಿಲ್ಲ ಅಂದ್ರೆ ಮ್ಯಾಚು ಇವತ್ತೇ ಎದುರಾಳಿಯವರ ಮೈದಾನದಲ್ಲಿ. ಮುಂದಕ್ಕೆ ಹಾಕಲ್ಲ, ರೂಲೇ ಹಾಗಿದೆ. ನೀನು ನಾಳೆಯಿಂದ ಬರ್ಬೇಡ."

ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಹುಲ್ಲಕ್ಕನ ಸಿಟ್ಟು ದವಡೆಯಲ್ಲೇ ನಿಲ್ಲುವಂಥದ್ದಲ್ಲ.

"ನಾಳೆ ಮಾತು ನಾಳೆಗೆ. ಹನ್ನೆರಡಕ್ಕೆ ನೆಲ ಒಣಗಿರತ್ತೆ. ಮಾಡಿದವರು ಯಾರು ಅಂತಾನೂ ಹೇಳ್ತೀನಿ."

\* \* \*

ನಲ್ಲಿ ಇಡೀ ರಾತ್ರಿ ಹರಿದರೂ ಅಲ್ಲಿ ನೀರು ನಿಲ್ಲಬಾರದು. ಚರಂಡಿ ಕುಡಿದುಬಿಡುತ್ತಿತ್ತು. ಅವಳು ಗೋಲಿನ ಹಿಂದಿನ ಹಸಿರು ಮ್ಯಾಟು ಸರಿಸಿ, ಮುಚ್ಚಳ ಎತ್ತಿ, ಭುಜದವರೆಗೂ ಕೈ ಇಳಿಸಿದಳು. ಏನೋ ಸಿಕ್ಕಿತು. ಕಾಲು ಊರಿ ಎಳೆದಳು.

ಆಟಗಾರರು ಅಭ್ಯಾಸಕ್ಕೆ ಹಾಕುವ ಎರಡು ಬನಿಯನ್. ಉಂಡೆ ಕಟ್ಟಿ, ಬಿಳಿ ಟೇಪು ಬಿಗಿದಿದ್ದರು. ಗುಳುಗುಳು ಸದ್ದು ಮಾಡಿ ನೀರು ಇಳಿಯತೊಡಗಿತು.

ಮೊದಲ ಗುಮಾನಿ ಎದುರಾಳಿ ಕೋಚಿನ ಮೇಲೆ. ನಿನ್ನೆ ಸಂಜೆ ಅವನು ಮೈದಾನ ನೋಡಲು ಬಂದಿದ್ದ. ಅವಳು ವಾಚ್‌ಮನ್‌ನನ್ನು ಹಿಡಿದಳು.

"ಐದೂವರೆಗೇ ಹೋದ್ರು. ನಾನೇ ಕಾರು ಹತ್ತಿಸಿದೆ."

"ಆಮೇಲೆ?"

"ಹೊರಗಿನವರ ನೆರಳೂ ಇಲ್ಲ. ನಮ್ಮ ಆಟಗಾರರು ಮಾತ್ರ ಅಭ್ಯಾಸ ಮುಗಿದ ಮೇಲೂ ಏಳರವರೆಗೂ ಇದ್ರು."

ಹಾಗಾದರೆ ಮನೆಯವರದೇ ಕೆಲಸ. ಅವಳು ಟೇಪು ಹಿಡಿದು ಫಿಸಿಯೋ ಕೋಣೆಗೆ ನುಗ್ಗಿದಳು.

"ಇದು ನಿಮ್ಮದಲ್ವಾ?"

ಫಿಸಿಯೋ ಕನ್ನಡಕ ಏರಿಸಿ ನೋಡಿದ. "ಟೇಪು ನಂದೇ. ಆದ್ರೆ ನಾನು ಕತ್ತರಿ ಇಲ್ದೆ ಟೇಪು ಮುಟ್ಟಲ್ಲಮ್ಮ. ಇದನ್ನ ಹಲ್ಲಲ್ಲಿ ಹರಿದಿದಾರೆ, ತುದಿ ನೋಡಿ."

"ಹಲ್ಲಲ್ಲಿ ಯಾರು ಹರೀತಾರೆ?"

"ಅರ್ಧ ತಂಡ!"

\* \* \*

ಅವಳು ಕಬ್ಬಿಣದ ಮುಳ್ಳುಗಳ ಕವೆಗೋಲು ಹಿಡಿದು ಒದ್ದೆ ನೆಲ ಚುಚ್ಚುತ್ತಾ ಹೋದಳು. ಚುಚ್ಚು, ಸ್ಪಂಜಿನ ರೋಲರ್ ಉರುಳಿಸು, ಮತ್ತೆ ಚುಚ್ಚು. ಪೆನಾಲ್ಟಿ ಚುಕ್ಕಿ ನೀರಿನಿಂದ ಮೇಲೆ ಬಂದಾಗ ಅವಳ ಕೈ ನಿಂತಿತು.

ಪ್ರತಿ ಅಭ್ಯಾಸದ ನಂತರ ಅವಳು ಅಲ್ಲಿ ಒಂದು ಗುಂಡಿ ಮುಚ್ಚುತ್ತಿದ್ದಳು. ಕ್ಯಾಪ್ಟನ್ ಬಲಗಾಲಲ್ಲಿ ಒದೆಯುವಾಗ ಎಡ ಹಿಮ್ಮಡಿ ಊರಿ ಮಾಡುವ ಗುಂಡಿ. ಹನ್ನೊಂದು ವರ್ಷದಿಂದ ದಿನಕ್ಕೊಂದು ಹಿಡಿ ಮಣ್ಣು. ಕಳೆದ ಹತ್ತು ದಿನದಿಂದ ಮಣ್ಣೇ ಬೇಕಾಗಿರಲಿಲ್ಲ. ಬೇರೆಯವರಿಗೆ ಅದು ಹುಲ್ಲು. ಅವಳಿಗೆ ಅದು ಹಾಜರಿ ಪುಸ್ತಕ.

ಇಡೀ ಕ್ಲಬ್ಬಿನಲ್ಲಿ ಅವಳನ್ನು ಬಾಯ್ತುಂಬ "ಅಕ್ಕಾ" ಅನ್ನುತ್ತಿದ್ದವನು ಅವನೊಬ್ಬನೇ. ಆದರೂ ಬಿಡುವುದಿಲ್ಲ ಎಂದುಕೊಂಡಳು.

\* \* \*

ಹನ್ನೆರಡಕ್ಕೆ ಅಧಿಕಾರಿ ಬಂದು ಚೆಂಡು ಉರುಳಿಸಿ ನೋಡಿದರು. ಚೆಂಡು ತಡೆಯಿಲ್ಲದೆ ಓಡಿತು; ಸುತ್ತ ನಿಂತಿದ್ದ ತಂಡದ ಎದುರೇ ಮ್ಯಾಚು ಇಲ್ಲೇ ಅಂದರು. ಹುಲ್ಲಕ್ಕ ಅದನ್ನೇ ತಂದು ಚುಕ್ಕಿಯ ಜಾಗದಲ್ಲಿ ಇಟ್ಟಳು.

"ಕ್ಯಾಪ್ಟನ್, ಒಂದು ಪೆನಾಲ್ಟಿ ಹೊಡಿ."

"ಇದೇನು ಹುಡುಗಾಟ?" ಮ್ಯಾನೇಜರ್ ಗದರಿದ.

"ಬಲಗಾಲಲ್ಲಿ. ಜೋರಾಗಿ."

ಕ್ಯಾಪ್ಟನ್ ಎಲ್ಲರ ಮುಖ ನೋಡಿದ. ನಾಲ್ಕು ಹೆಜ್ಜೆ ಓಡಿ ಬಂದ. ಎಡಗಾಲು ಊರಿದ ಕೂಡಲೇ ಮಂಡಿ ಮಡಚಿತು. ಚೆಂಡು ಮಾರುದ್ದ ಉರುಳಿ ನಿಂತಿತು. ಅವನು ಮಂಡಿ ಹಿಡಿದು ನೆಲಕ್ಕೆ ಕುಸಿದ.

"ಹತ್ತು ದಿನದಿಂದ ಇವನು ಎಡಗಾಲು ಗಟ್ಟಿಯಾಗಿ ಊರಿಲ್ಲ," ಅಂದಳು ಹುಲ್ಲಕ್ಕ. "ಗುಂಡಿ ಮುಚ್ಚೋಳು ನಾನು, ನಂಗೆ ಗೊತ್ತು. ಟೇಪು ಹಲ್ಲಲ್ಲಿ ಹರೀತಾನೆ. ಏಳರವರೆಗೂ ಇಲ್ಲೇ ಇದ್ದ. ಚರಂಡಿ ಮುಚ್ಚಳ ಮ್ಯಾಟಿನಡಿ ಇದೆ ಅಂತ ಆಟಗಾರರಲ್ಲಿ ಇವನೊಬ್ಬನಿಗೇ ಗೊತ್ತು. ಹಿಂದೊಂದು ಸಲ ಜಡಿಮಳೇಲಿ ನನ್ ಜೊತೆ ಅದನ್ನ ಎತ್ತಿದ್ದ."

ಕ್ಯಾಪ್ಟನ್ ತಲೆ ಎತ್ತಲಿಲ್ಲ. "ಮ್ಯಾಚು ಒಂದು ವಾರ ಮುಂದೆ ಹೋಗತ್ತೆ ಅಂದ್ಕೊಂಡೆ, ಅಕ್ಕಾ. ಅಷ್ಟರಲ್ಲಿ ಕಾಲು ಸರಿಹೋಗ್ತಿತ್ತು. ಇದು ನನ್ನ ಕೊನೇ ಕಪ್ಪು."

"ಮುಂದೆ ಹೋಗಲ್ಲ ಅಂತ ಬೆಳಗ್ಗೆ ಏಳಕ್ಕೇ ನೀನು ಕೇಳಿಸ್ಕೊಂಡೆ. ನನ್ನ ಕೆಲಸ ಹೋಯ್ತು ಅಂತಾನೂ ಕೇಳಿಸ್ಕೊಂಡೆ. ಆಗಲೂ ಬಾಯಿ ಬಿಡ್ಲಿಲ್ಲ."

ಅವಳ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

ಮ್ಯಾನೇಜರ್ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಏನೋ ಕೋಪದಲ್ಲಿ ಅಂದೆ. ಬಿಟ್ಟಾಕಮ್ಮ."

"ಬೆಳಗ್ಗೆ ಇಷ್ಟು ಮೆತ್ತಗೆ ಅಂದಿರಲಿಲ್ಲ ಸರ್. ಎಲ್ಲರೆದುರಿಗೆ ಅಂದಿದ್ದು, ಎಲ್ಲರೆದುರಿಗೇ ವಾಪಸ್ ತಗೊಳ್ಳಿ."

ಮ್ಯಾನೇಜರ್ ಕೆಮ್ಮಿದ. ಕೊನೆಗೆ ಗಂಟಲು ಎತ್ತರಿಸಿ ಹೇಳಿದ: "ತಪ್ಪು ನಂದು. ಹುಲ್ಲಕ್ಕ ನಲ್ಲಿ ಬಿಟ್ಟು ಹೋಗಿರ್ಲಿಲ್ಲ."

"ಸರಿ," ಅಂದಳು ಅವಳು. "ಈಗ ಎಲ್ಲರೂ ನನ್ನ ಹುಲ್ಲು ಬಿಟ್ಟು ಆಚೆ ನಡೀರಿ. ಸಂಜೆ ಮ್ಯಾಚಿದೆ, ಗೆರೆ ಎಳೀಬೇಕು."