ಕೋಷ್ಟಕ 7.4ರ ಮಲ್ಲಿಗೆ

ಏಳನೇ ಅಧ್ಯಾಯದ ನಾಲ್ಕನೇ ಕೋಷ್ಟಕದಲ್ಲಿ ರಾಗಿ, ಬೇಳೆ, ಕಾಫಿಪುಡಿ, ಸ್ಕೂಲ್ ವ್ಯಾನು ಎಲ್ಲದರ ಕೆಳಗೆ ಮಲ್ಲಿಗೆ ಹೂವಿತ್ತು. ವಾರಕ್ಕೆ ಎರಡು ಮೊಳ.

ಆ ಸಾಲನ್ನು ಶೋಭಿತಾ ನಾಲ್ಕು ತಿಂಗಳಲ್ಲಿ ಎಷ್ಟು ಸಲ ಓದಿದ್ದಳೋ ಅವಳಿಗೇ ತಿಳಿಯದು. ಅವಳ ಜೊತೆ ಆ ಪುಸ್ತಕ ಬರೆಯುತ್ತಿದ್ದ ಅಮರನಾಥ ಕೋಷ್ಟಕದ ಮೇಲೆ ಹಾಕಿದ್ದ: ‘ಚನ್ನರಾಯಪಟ್ಟಣದ ಒಂದು ಕುಟುಂಬದ ತಿಂಗಳ ಖರ್ಚು. ಗಂಡ, ಹೆಂಡತಿ, ನಾಲ್ಕು ವರ್ಷದ ಮಗಳು.’ ಅಮರನಾಥ ಚನ್ನರಾಯಪಟ್ಟಣದ ಕಾಲೇಜಿನಲ್ಲೇ ಪಾಠ ಮಾಡುವವನು. ಆ ಗಂಡ ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ. ಶುಕ್ರವಾರ ಸಂಜೆ ಹೂವಿನವಳ ಮುಂದೆ ನಿಂತು, ಮೊಳ ಸರಿಯಾಗಿ ಹಾಕಮ್ಮ ಎನ್ನುವ ಅವನನ್ನು ಅವಳು ಕಣ್ಣಾರೆ ನೋಡಿದಂತೆ ನೋಡಿಬಿಟ್ಟಿದ್ದಳು.

ಪುಸ್ತಕ ಶುರುವಾಗಿದ್ದು ಹೂವಿನಿಂದಲ್ಲ, ಹರಿದ ಹಾಳೆಯಿಂದ. ಅರಕಲಗೂಡಿನ ಕಾಲೇಜಿನಲ್ಲಿ ಶೋಭಿತಾ ಬಿ.ಕಾಂ. ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳುತ್ತಿದ್ದಳು. ಒಂದು ದಿನ ಸ್ಪಂದನಾ ಎಂಬ ಹುಡುಗಿ ಪಠ್ಯಪುಸ್ತಕದ ಕಾಲು ಭಾಗವನ್ನಷ್ಟೇ ಹಿಡಿದು ಕ್ಲಾಸಿಗೆ ಬಂದಳು.

“ಮಿಕ್ಕಿದ್ದು ಎಲ್ಲಮ್ಮ?”

“ನಾಲ್ಕ್ ಜನ ಸೇರ್ಕಂಡು ಒಂದ್ ತಗಂಡ್ವಿ ಮಿಸ್. ಯುನಿಟ್ ಲೆಕ್ಕದಲ್ಲಿ ಹರ್ಕಂಡ್ವಿ. ನಂಗೆ ಮೂರ್ನೇದು ಬಂತು. ಓದಾದ್ಮೇಲೆ ಬಸ್ಸಲ್ಲಿ ಬದ್ಲಾಯ್ಸ್ಕತೀವಿ.”

ಹುಡುಗಿ ನಗುತ್ತಲೇ ಹೇಳಿದಳು. ಶೋಭಿತಾಳಿಗೆ ನಗು ಬರಲಿಲ್ಲ. ಅವತ್ತೇ ಜಿಲ್ಲೆಯ ಅಧ್ಯಾಪಕರ ವಾಟ್ಸಾಪ್ ಗುಂಪಿಗೆ ಬರೆದಳು: ನಾವೇ ಕನ್ನಡದಲ್ಲಿ ಒಂದು ಪುಸ್ತಕ ಬರೆಯೋಣ, ಮೊಬೈಲಿನಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಓದಲಿ, ಪ್ರಿಂಟ್ ತೆಗೆಯಲಿ, ತಪ್ಪಿದ್ದರೆ ನಾವು ತಿದ್ದುತ್ತಾ ಹೋಗೋಣ. ಹದಿನೆಂಟು ಹೆಬ್ಬೆಟ್ಟುಗಳು ಬಂದವು. ಕೆಲಸಕ್ಕೆ ಬಂದವನು ಅಮರನಾಥ ಒಬ್ಬನೇ.

ಹಾಸನದಲ್ಲಿ ಒಮ್ಮೆ ಕೂತು ಕೆಲಸ ಹಂಚಿಕೊಂಡರು. ಆಮೇಲೆಲ್ಲ ಇಂಟರ್ನೆಟ್ಟಿನಲ್ಲಿದ್ದ ಒಂದೇ ಕಡತದೊಳಗೆ ಇಬ್ಬರ ಬರವಣಿಗೆ. ಪುಟದ ಅಂಚಿನಲ್ಲಿ ಇಬ್ಬರ ಮಾತು.

‘ಮೇಡಂ, ನಿಮ್ಮ ಲೆಕ್ಕದಲ್ಲಿ ಎಲ್ಲರೂ ಸೇಬು ಕೊಳ್ತಾರೆ. ನಮ್ಮ ಮಕ್ಕಳಿಗೆ ಗೊತ್ತಿರೋದು ಶುಂಠಿ ಮೂಟೆ.’

‘ಶುಂಠಿ ಖಾರ ಸರ್.’

‘ಸರಾಸರಿ ತೆಗೆದ್ರೆ ಅಷ್ಟು ಖಾರ ಇರಲ್ಲ ಮೇಡಂ.’

ಅಮ್ಮ ತೀರಿಕೊಂಡ ಮೇಲೆ ಶೋಭಿತಾಳ ಮನೆಯಲ್ಲಿ ಎರಡನೇ ದನಿ ಇರಲಿಲ್ಲ. ಸಂಜೆ ಪರದೆಯ ಮೇಲೆ ಅವನ ಹೆಸರು ಮೂಡಿದರೆ, ಯಾರೋ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಂತಾಗುತ್ತಿತ್ತು. ಅವಳು ಸುಮ್ಮನೆ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದಳು. ನೋಡುವವರು ಯಾರೂ ಇಲ್ಲ ಎಂದು ನೆನಪಾಗಿ ಕೈ ಕೆಳಗಿಳಿಯುತ್ತಿತ್ತು.

ಆಮೇಲೆ ಮಲ್ಲಿಗೆ ಬಂತು. ಅವಳ ಉತ್ತರಗಳು ‘ಸರಿ ಸರ್’ ಎಂಬಷ್ಟಕ್ಕೆ ಇಳಿದವು. ಅವನು ಎರಡು ಸಲ ‘ಹುಷಾರಿದ್ದೀರಾ ಮೇಡಂ?’ ಎಂದು ಬರೆದ. ‘ಹುಷಾರು ಸರ್’ ಎಂದಳು. ಆಮೇಲೆ ಅವನೂ ಲೆಕ್ಕದ ಮಾತಷ್ಟೇ ಬರೆದ.

ಎದುರುಮನೆಯ ಹೊನ್ನಕ್ಕನ ಕಣ್ಣಿನಿಂದ ಮಾತ್ರ ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

“ನೀ ಆಕೋ ಹಾಲ್ ಕುಡ್ದು ನನ್ ಬೆಕ್ಕು ಇಲಿ ಇಡಿಯದ್ನೇ ಬುಟ್ಬುಟ್ಟೈತೆ ಕಣವ್ವ. ಒಬ್ಳಿಗೆ ಅರ್ಧ ಲೀಟ್ರು ಯಾಕ್ ತಗತೀಯ?”

“ಕಾಲು ಲೀಟರ್ ಪ್ಯಾಕೆಟ್ ಈ ಬೀದಿಗೆ ಬರಲ್ಲ ಹೊನ್ನಕ್ಕ.”

“ಊವ ಬರ್ತದಲ್ಲ. ಅದ್ನ್ಯಾಕ್ ಮುಡಿಯದ್ ಬುಟ್ಟೆ?”

“ಟೈಮಿರಲ್ಲ.”

“ಊವ ಮುಡಿಯಕೆ ಎಷ್ಟೊತ್ ಬೇಕವ್ವ? ಮುಡ್ಕಂಡು ಯಾರ್ಗ್ ತೋರ್ಸ್ಲಿ ಅಂತ ಏಳು.”

ಶೋಭಿತಾ ಹಾಲಿನ ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದಳು.

ಪುಸ್ತಕ ಮುಗಿಯುತ್ತಾ ಬಂತು. ಅದನ್ನು ಹಾಕಲಿದ್ದ ಜಾಲತಾಣಕ್ಕೆ ಒಂದು ನಿಯಮವಿತ್ತು: ಪ್ರತಿ ಕೋಷ್ಟಕದ ಕೆಳಗೂ ಅಂಕಿಗಳು ಎಲ್ಲಿಂದ ಬಂದವೆಂದು ಮೂಲ ಬರೆಯಬೇಕು. ಕಲ್ಪಿಸಿಕೊಂಡದ್ದಾದರೆ ‘ಕಾಲ್ಪನಿಕ’ ಎಂದು ಹಾಕಬೇಕು. ಇಡೀ ಪುಸ್ತಕದಲ್ಲಿ 7.4ರ ಮೂಲವೊಂದೇ ಖಾಲಿ ಉಳಿದಿತ್ತು. ಕೇಳಿದರೆ ‘ನಮ್ಮನೆಯದೇ ಲೆಕ್ಕ ಮೇಡಂ’ ಎಂದು ಅವನು ಹೇಳುತ್ತಾನೆ. ಆ ಮಾತು ಕಿವಿಗೆ ಬೀಳುವವರೆಗೆ ಅದು ನಿಜವಲ್ಲ ಎಂಬಂತೆ ಅವಳು ದಿನ ದೂಡಿದಳು.

ಕೊನೆಯ ದಿನ ಹಾಸನದ ಕಾಲೇಜೊಂದರ ಲೈಬ್ರರಿಯಲ್ಲಿ ಇಬ್ಬರೂ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತರು. ಸೋಮವಾರ ಸೆಮಿಸ್ಟರ್ ಶುರು. ಸಂಜೆಯೊಳಗೆ ಪುಸ್ತಕ ಜಾಲತಾಣಕ್ಕೆ ಹೋಗಬೇಕು. ಅವನ ಕಿವಿಯ ಹತ್ತಿರ ನಾಲ್ಕೈದು ಕೂದಲು ಬೆಳ್ಳಗಾಗಿದ್ದವು. ಅಂಗಿಯ ತೋಳಿನ ಗುಂಡಿ ಕಿತ್ತುಹೋಗಿತ್ತು. ಹೂವು ತರುವ ಗಂಡನಿಗೆ ಒಂದು ಗುಂಡಿ ಹೊಲಿದುಕೊಡುವವರಿಲ್ಲವೇ ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ತನ್ನನ್ನೇ ಬೈದುಕೊಂಡಳು.

“ಸರ್, 7.4ಕ್ಕೆ ಮೂಲ ಹಾಕಿಲ್ಲ.”

“ಹೌದು. ಬಿಟ್ಟಿದೀನಿ.”

“ಮನೆಯವರನ್ನ ಕೇಳಿ ಬರೆದದ್ದು ಅಂತ ಹಾಕೋಣವಾ?”

“ಯಾವ ಮನೆಯವರು?”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಹೆಂಡತಿ, ಮಗಳು ಅಂತ ಇದೆಯಲ್ಲ.”

ಅವನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. “ಪಟ್ಣದಲ್ಲಿ ನಂದೊಂದು ಬಾಡಿಗೆ ರೂಮಿದೆ ಮೇಡಂ. ಒಂದು ಸ್ಟವ್ವು, ಎರಡು ತಟ್ಟೆ. ಎರಡನೇದು ಮುಚ್ಚೋದಕ್ಕೆ.”

ಮೇಲೆ ಫ್ಯಾನು ಸದ್ದು ಮಾಡುತ್ತಿತ್ತು.

“ಸ್ಕೂಲ್ ವ್ಯಾನು? ಮಗುವಿನ ಕೆಮ್ಮಿನ ಸಿರಪ್ಪು?”

“ಎಲ್ಲ ನಾನೇ ಕಟ್ಟಿದ್ದು. ಲೆಕ್ಕಕ್ಕೆ ಹತ್ತು ಸಾಲು ಸಾಕಿತ್ತು. ಬರೀತಾ ಬರೀತಾ ಇಪ್ಪತ್ತೆರಡು ಆಯ್ತು. ಕಾಲ್ಪನಿಕ ಅಂತ ಹಾಕೋಕೆ ಮನಸ್ಸು ಬರಲಿಲ್ಲ.”

ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.

“ನೀವೂ ಒಂದು ತಪ್ಪು ಮಾಡಿದೀರಿ,” ಎಂದ ಅವನು. “7.3. ಒಬ್ಬರೇ ಇರೋ ಮನೆ ಖರ್ಚು. ಕೆಳಗೆ ಕಾಲ್ಪನಿಕ ಅಂತ ಹಾಕಿದೀರಿ.”

“ಕಾಲ್ಪನಿಕವೇ.”

“ಹಾಲು ಅರ್ಧ ಲೀಟರ್. ಪಕ್ಕದಲ್ಲಿ ಷರಾ: ಅರ್ಧ ಬೆಕ್ಕಿಗೆ. ತೆಂಗಿನಕಾಯಿ ವಾರಕ್ಕೊಂದು, ಷರಾ: ಒಂದು ಹೋಳು ಕೆಡುತ್ತದೆ. ಕೆಡೋ ಹೋಳನ್ನ ಯಾರೂ ಕಲ್ಪಿಸ್ಕೊಳ್ಳಲ್ಲ ಮೇಡಂ.” ಅವನ ದನಿ ತಗ್ಗಿತು. “ಅದನ್ನ ಓದಿದ ದಿನವೇ ನಾನು 7.4 ಬರೆದದ್ದು.”

ಗುಟ್ಟಾಗಿಟ್ಟಿದ್ದ ಮನೆಯ ಬಾಗಿಲು ಇಷ್ಟು ದಿನ ತೆರೆದೇ ಇತ್ತೆಂದು ಅವಳಿಗೆ ಈಗ ಗೊತ್ತಾದ ಹಾಗಿತ್ತು. ಕೇಳಬಾರದೆಂದುಕೊಂಡಿದ್ದನ್ನು ಕೇಳಿದಳು.

“ಮಲ್ಲಿಗೆ ಯಾಕೆ?”

“ಮೊದಲನೇ ಸಲ ಇಲ್ಲಿ ಸಿಕ್ಕಾಗ ಮುಡಿದಿದ್ರಿ. ಇವತ್ತಿಲ್ಲ.”

ಅಷ್ಟರಲ್ಲಿ ಲೈಬ್ರರಿ ಅಟೆಂಡರ್ ಹುಚ್ಚಯ್ಯ ಕಿಟಕಿ ಹಾಕಲು ಬಂದ. “ಬೀಗ ಆಕ್ಬೇಕು ಸಾ. ಮುಗೀತಾ?” ಅಮರನಾಥ ಅವಳತ್ತ ನೋಡಿದ. ಅವಳು 7.4ರ ಕೆಳಗೆ ‘ಕಾಲ್ಪನಿಕ’ ಎಂದು ಬರೆದಳು. 7.3ರ ಕೆಳಗಿದ್ದ ಅದೇ ಪದವನ್ನು ಅಳಿಸಿ ‘ಮೂಲ: ಲೇಖಕಿಯ ಮನೆ’ ಎಂದು ತಿದ್ದಿದಳು. ಪುಸ್ತಕ ಹೋಯಿತು.

ಬಸ್‌ಸ್ಟ್ಯಾಂಡಿನಲ್ಲಿ ಅರಕಲಗೂಡಿನ ಬಸ್ಸೇ ಮೊದಲು ಬಂತು. ಇಬ್ಬರ ನಡುವೆ ಒಂದು ಸೂಟ್‌ಕೇಸ್ ಹಿಡಿಸುವಷ್ಟು ಜಾಗವಿತ್ತು. ಅದನ್ನು ಯಾರೂ ದಾಟಲಿಲ್ಲ. “ಬರ್ತೀನಿ ಸರ್,” ಎಂದಳು. ಅವನು ತಲೆಯಾಡಿಸಿದ. ಕಿಟಕಿಯಿಂದ ತಿರುಗಿ ನೋಡಿದಾಗ, ತನ್ನ ಬಸ್ಸಿನತ್ತ ಹೋಗದೆ ಅಲ್ಲೇ ನಿಂತಿದ್ದ.

ಗೊರೂರು ದಾಟುವಾಗ ಮೊಬೈಲ್ ಗುಂಯ್‌ಗುಟ್ಟಿತು. ಸ್ಪಂದನಾ: ‘ಬುಕ್ಕು ಮೊಬೈಲ್‌ಗೆ ಇಳಿಸ್ಕಂಡ್ವಿ ಮಿಸ್, ನಾಲ್ಕು ಜನವೂ. ಇದ್ನ ಹರಿಯಕೇ ಆಗಲ್ಲ.’

ಅವಳು ನಕ್ಕು ಪುಸ್ತಕ ತೆರೆದಳು. 7.4ರಲ್ಲಿ ಆಗಲೇ ಒಂದು ತಿದ್ದುಪಡಿಯಾಗಿತ್ತು. ಅಮರನಾಥ ‘ಚನ್ನರಾಯಪಟ್ಟಣದ’ ಎಂಬ ಪದವನ್ನು ಅಳಿಸಿದ್ದ. ಆ ಜಾಗದಲ್ಲಿ ಚುಕ್ಕಿಗಳಿದ್ದವು, ಬಿಟ್ಟ ಸ್ಥಳ ತುಂಬಿರಿ ಎನ್ನುವ ಪ್ರಶ್ನೆಯ ಹಾಗೆ.

ಈ ಪುಸ್ತಕದಲ್ಲಿ ಯಾರು ಏನು ತಿದ್ದಿದರೂ ಹೆಸರು, ಹೊತ್ತು ಎಲ್ಲರಿಗೂ ಕಾಣುತ್ತದೆ. ಮಕ್ಕಳಿಗೆ, ಸಹೋದ್ಯೋಗಿಗಳಿಗೆ, ಹೆಬ್ಬೆಟ್ಟು ಒತ್ತಿದ ಹದಿನೆಂಟು ಜನಕ್ಕೆ. ಹಾಲಿನ ಲೆಕ್ಕವನ್ನೂ ಕಾಲ್ಪನಿಕವೆಂದು ಮುಚ್ಚಿಟ್ಟಿದ್ದವಳು ಅವಳು. ಬೆರಳು ಪರದೆಯ ಮೇಲೆ ಬಹಳ ಹೊತ್ತು ನಿಂತಿತು. ಮನೆಯಲ್ಲಿ ಇವತ್ತೂ ಅರ್ಧ ಲೀಟರ್ ಹಾಲು ಕಾಯುತ್ತಿತ್ತು.

‘ಹೊಳೆನರಸೀಪುರದ’ ಎಂದು ತುಂಬಿದಳು. ಅವನ ಕಾಲೇಜಿಗೂ ಅವಳ ಕಾಲೇಜಿಗೂ ಅಲ್ಲಿಂದ ಬಸ್ಸಿದೆ. ಆಮೇಲೆ ಕೆಳಗಿಳಿದು, ಎರಡು ಮೊಳ ಇದ್ದದ್ದನ್ನು ಒಂದು ಮಾಡಿದಳು. ಅಂಚಿನಲ್ಲಿ ಬರೆದಳು: ‘ಅವರ ಜಡೆಗೆ ಒಂದೇ ಮೊಳ ಸಾಕು ಸರ್.’

ಉತ್ತರ ಮೊದಲು ಬಂದದ್ದು ಸ್ಪಂದನಾಳಿಂದ. ‘ಮಿಸ್, 7.4ರಲ್ಲಿ ಹೂವು ಈಗ್ಲೇ ಕಮ್ಮಿ ಆಯ್ತು. ಮುಂಚಿಂದು ತಪ್ಪಾ?’

ಶೋಭಿತಾ ಬಸ್ಸಿನ ಕುಲುಕಾಟದಲ್ಲಿ ಒಂದೊಂದೇ ಅಕ್ಷರ ಒತ್ತಿದಳು.

‘ತಪ್ಪಲ್ಲಮ್ಮ. ಮೂಲ ಇವತ್ತು ಸಿಕ್ಕಿತು.’